ಮಂಡೋಲ ಅಂತ ಬರೆದಿತ್ತು, ಮಂಡೋಲ ತಂತಿಯನ್ನೇ ಕಟ್ಟಿದೆ, ಪಟ್ ಅಂತ ಹರಿಯಿತು! ಇಟಲಿಯ ಈ ಹೆಸರುಗಳ ಲೆಕ್ಕ ಏನು?

ತಂತಿಗಂಟು (ಟ್ಯೂರಿನ್)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಎರಡು ವರ್ಷದಿಂದ ಇಟಲಿಯ ಟ್ಯೂರಿನ್‌ನಲ್ಲಿ ಓದುತ್ತಿದ್ದೇನೆ. ಊರಲ್ಲಿ ಸ್ವಲ್ಪ ವೀಣೆ ಕಲಿತಿದ್ದೆ. ಇಲ್ಲಿ ವೀಣೆ ಎಲ್ಲಿಂದ ತರಲಿ? ಕಳೆದ ತಿಂಗಳು ಹಳೇ ಸಾಮಾನಿನ ಸಂತೆಯಲ್ಲಿ ಒಂದು ವಾದ್ಯ ಕಣ್ಣಿಗೆ ಬಿತ್ತು. ದುಂಡು ಹೊಟ್ಟೆ, ನಾಲ್ಕು ಜೋಡಿ ತಂತಿ. ಮ್ಯಾಂಡೊಲಿನ್ ಥರಾನೇ ಇದೆ, ಆದರೆ ದೊಡ್ಡದು. ಒಳಗೆ ಇಣುಕಿ ನೋಡಿದರೆ ಹಳದಿ ಚೀಟಿಯ ಮೇಲೆ ‘ಮಂಡೋಲ, ನಾಪೊಲಿ’ ಅಂತ ಅಚ್ಚಾಗಿತ್ತು (ನಾಪೊಲಿ ಅಂದರೆ ನೇಪಲ್ಸ್ ಊರು). ಚೌಕಾಸಿ ಮಾಡಿ ತಂದೆ.

ತಂತಿ ತುಕ್ಕು ಹಿಡಿದಿತ್ತು. ಆನ್‌ಲೈನ್‌ನಲ್ಲಿ ‘ಮಂಡೋಲ ತಂತಿ’ ಅಂತ ಹುಡುಕಿ ಒಂದು ಅಮೆರಿಕನ್ ಸೆಟ್ ತರಿಸಿದೆ. ಪೊಟ್ಟಣದ ಮೇಲಿದ್ದ ಹಾಗೆ ಸಿ-ಜಿ-ಡಿ-ಎ (ಕೆಳಗಿನ ತಂತಿಯಿಂದ ಮೇಲಕ್ಕೆ, ಪಾಶ್ಚಾತ್ಯ ಸ್ವರಗಳ ಹೆಸರು) ಶ್ರುತಿ ಮಾಡಿದೆ. ಎ ತಂತಿ ಏರಿಸುವಾಗಲೇ ಬಿರಡೆ ತಿರುಗಿಸಲು ಕೈ ನೋಯುತ್ತಿತ್ತು. ರಾತ್ರಿ ಒಂದು ತಂತಿ ಹರಿದು ಕೆನ್ನೆಗೆ ಬಡಿಯಿತು. ಬೆಳಗ್ಗೆ ನೋಡಿದರೆ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಹತ್ತಿರ ಮೇಲಿನ ಹಲಗೆ ಸ್ವಲ್ಪ ಕುಸಿದ ಹಾಗಿದೆ.

ಅಂಗಡಿಯವರನ್ನು ಕೇಳಿದರೆ ‘ಮಂಡೋಲಕ್ಕೆ ಮಂಡೋಲ ತಂತಿ, ಇನ್ನೇನು?’ ಅಂದರು. ಆಮೇಲೆ ಓದುತ್ತಾ ಹೋದರೆ ತಲೆ ಕೆಟ್ಟಿತು. ಮಂಡೋಲಿನೊ, ಮಂಡೋಲ, ಮಂಡೋಲಿಯೋಲ, ಮಂಡೊಲೊಂಚೆಲ್ಲೊ, ಮಂಡೊಲೊನೆ, ತೆರ್ಝಿನೊ, ಕ್ವಾರ್ತಿನೊ, ಲಿಯುತೊ ಕಾಂತಾಬಿಲೆ... ಇದೇನು ವಾದ್ಯಗಳಾ, ಹೋಟೆಲಿನ ಮೆನುವಾ? ಗೊತ್ತಿರುವವರು ಬಿಡಿಸಿ ಹೇಳಿ.

ಹಳೇಆರ್ಕೆಸ್ಟ್ರಾ (ದಾವಣಗೆರೆ)

ಮೊದಲು ತಂತಿಯೆಲ್ಲ ಸಡಿಲ ಮಾಡಪ್ಪ. ಈಗಲೇ. ಹೆಸರಿನ ವಿಚಾರ ಆಮೇಲೆ ನೋಡೋಣ.

ತಂತಿಗಂಟು

ಮಾಡಿದೆ ಸಾರ್.

ಹಳೇಆರ್ಕೆಸ್ಟ್ರಾ

ಒಳ್ಳೇದು. ನಾನು ಎಂಟು-ಹತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಮ್ಯಾಂಡೊಲಿನ್ ನುಡಿಸಿದವನು. ಗಣಪತಿ ಪೆಂಡಾಲಿನಿಂದ ಹಿಡಿದು ಮದುವೆ ಮನೆವರೆಗೆ. ನಮಗೆ ಗೊತ್ತಿದ್ದದ್ದು ಒಂದೇ ಮ್ಯಾಂಡೊಲಿನ್. ಅದಕ್ಕೆ ಅಪ್ಪ, ದೊಡ್ಡಪ್ಪ ಇದ್ದಾರೆ ಅಂತ ಇವತ್ತೇ ಗೊತ್ತಾಗಿದ್ದು.

ಪದಮೋಹಿ (ಮೈಸೂರು)

ನಾನು ಮೂರು ವರ್ಷ ರೋಮ್‌ನಲ್ಲಿ ಕೆಲಸ ಮಾಡಿದ್ದೆ. ವಾದ್ಯ ನುಡಿಸಲು ಬಾರದು, ಭಾಷೆ ಸ್ವಲ್ಪ ಬರುತ್ತದೆ. ಹೆಸರುಗಳ ಗಂಟು ಬಿಡಿಸಲು ನೋಡುತ್ತೇನೆ.

ಮೊದಲಿಗೆ, ಇಟಲಿಯವರ ‘ದ’ ನಮ್ಮ ‘ದ’ ಥರಾನೇ. ಅವರ ಬಾಯಲ್ಲಿ ಅದು ಮಂದೋಲ, ಮಂದೊಲಿನೊ. ನಮಗೆ ಈ ಪದ ಇಂಗ್ಲಿಷ್ ದಾರಿಯಲ್ಲಿ ಬಂತು, ಅದಕ್ಕೆ ‘ಡ’ ಸೇರಿಕೊಂಡಿತು. ಎರಡನ್ನೂ ಸರಿಯಾಗಿ ಬರೆಯಲು ನಮ್ಮ ಲಿಪಿಯಲ್ಲಿ ಅಕ್ಷರ ಇದೆ. ಅವಕಾಶ ಇದ್ದಾಗ ಯಾಕೆ ಬಿಡಬೇಕು?

ಈಗ ಲೆಕ್ಕ. ಮೂಲ ಪದ ಮಂದೋಲ. ಇಟಾಲಿಯನ್‌ನಲ್ಲಿ ಪದದ ಬಾಲಕ್ಕೆ ‘ಇನೊ’ ಸೇರಿಸಿದರೆ ಅದು ಪುಟ್ಟದು. ‘ಒನೆ’ ಸೇರಿಸಿದರೆ ದೊಡ್ಡದು. ಹಾಗಾಗಿ ಮಂದೊಲಿನೊ ಅಂದರೆ ಪುಟ್ಟ ಮಂದೋಲ. ಮಂದೊಲೊನೆ ಅಂದರೆ ದೊಡ್ಡ ಮಂದೋಲ. ಅವರು ಬಾಲಕ್ಕೆ ಅಂಟಿಸುವುದನ್ನು ನಾವು ತಲೆಗೆ ಅಂಟಿಸುತ್ತೇವೆ, ಅಷ್ಟೇ ವ್ಯತ್ಯಾಸ. ಮರ ದೊಡ್ಡದಾದರೆ ಹೆಮ್ಮರ. ಬೆರಳು ದೊಡ್ಡದಾದರೆ ಹೆಬ್ಬೆರಳು, ಚಿಕ್ಕದಾದರೆ ಕಿರುಬೆರಳು. ಅದೇ ಲೆಕ್ಕದಲ್ಲಿ ಮಂದೊಲಿನೊ ನಮ್ಮ ಕಿರುಮಂದೋಲ, ಮಂದೊಲೊನೆ ನಮ್ಮ ಹೆಮ್ಮಂದೋಲ!

ಮಜಾ ಇರುವುದು ಮಂದೊಲೊಂಚೆಲ್ಲೊದಲ್ಲಿ. ಮೊದಲು ಮಂದೋಲವನ್ನು ‘ಒನೆ’ ಹಾಕಿ ದೊಡ್ಡದು ಮಾಡಿದರು. ಆಮೇಲೆ ಅದಕ್ಕೇ ‘ಚೆಲ್ಲೊ’ ಸೇರಿಸಿ ಸ್ವಲ್ಪ ಚಿಕ್ಕದು ಮಾಡಿದರು. ಅಂದರೆ ಚಿಕ್ಕ ದೊಡ್ಡ ಮಂದೋಲ. ನಮ್ಮಲ್ಲಿ ‘ಚಿಕ್ಕ ದೊಡ್ಡಪ್ಪ’ ಅನ್ನುವುದಿಲ್ಲವಾ, ಹಾಗೆ.

ಇದನ್ನು ಅವರು ಹೊಸದಾಗಿ ಕಟ್ಟಿದ್ದೂ ಅಲ್ಲ. ಪಿಟೀಲಿನ ಮನೆಯಲ್ಲಿ ಇದೇ ಸಾಲು ಮೊದಲೇ ಇತ್ತು. ವಿಯೋಲ (ಪಿಟೀಲಿಗಿಂತ ಸ್ವಲ್ಪ ದೊಡ್ಡದು), ವಿಯೊಲಿನೊ (ನಮ್ಮ ಪಿಟೀಲು), ವಿಯೊಲೊನೆ, ವಿಯೊಲೊಂಚೆಲ್ಲೊ (ಚೆಲ್ಲೊ).

ಕುಂದಾಪ್ರ ಗಾಳಿ

ಹಾಗಾದರೆ ನಾವು ‘ಚೆಲ್ಲೊ’ ಅಂತ ಕರೆಯುವುದು ಬರೀ ಬಾಲವನ್ನಾ? ನಾಯಿಯೇ ಇಲ್ಲ, ಬಾಲ ಮಾತ್ರ ಅಲ್ಲಾಡುತ್ತಿದೆ!

ಪದಮೋಹಿ

ಹೌದು, ಅಕ್ಷರಶಃ ಹಾಗೇ. ‘ಒನೆ’ಯಲ್ಲಿ ಮುಗಿಯುವ ಪದವನ್ನು ಚಿಕ್ಕದು ಮಾಡುವಾಗ ನಡುವೆ ‘ಚ’ ಬಂದು ಕೂರುತ್ತದೆ. ಲೆಯೊನೆ ಅಂದರೆ ಸಿಂಹ, ಲೆಯೊಂಚಿನೊ ಅಂದರೆ ಸಿಂಹದ ಮರಿ. ಹಾಗಾಗಿ ಚೆಲ್ಲೊ ಅನ್ನುವುದಕ್ಕೆ ತನ್ನದೇ ಅರ್ಥ ಇಲ್ಲ. ಉದ್ದ ಹೆಸರು ಕರೆಯಲು ಬೇಜಾರಾಗಿ ಇಂಗ್ಲಿಷಿನವರು ತಲೆ ಕತ್ತರಿಸಿದರು. ಅದೇ ಬಾಲ ಹಿಡಿದು ಅಮೆರಿಕದವರು ‘ಮ್ಯಾಂಡೊಚೆಲ್ಲೊ’ ಕಟ್ಟಿಕೊಂಡರು. ಇಟಲಿಯ ಹೆಸರಿನಲ್ಲಿದ್ದ ‘ಲೊನ್’ ಅಲ್ಲಿ ಹಾರಿಹೋಯಿತು. ಅಂದರೆ ‘ದೊಡ್ಡದು’ ಅನ್ನುವ ಭಾಗವೇ ಮಾಯ. ಕೆಲವರು ‘ವಯೊಲಿನ್‌ಚೆಲ್ಲೊ’ ಅಂತ ಬರೆಯುತ್ತಾರೆ. ಅದು ತಪ್ಪು, ಮೂಲ ವಿಯೊಲಿನೊ ಅಲ್ಲ, ವಿಯೊಲೊನೆ.

ನಮ್ಮೂರ ಬ್ಯಾಂಡ್‌ಸೆಟ್ಟಿನ ಟ್ರೊಂಬೋನ್ ಕೂಡ ಇದೇ ಜಾತಿ. ತ್ರೊಂಬ ಅಂದರೆ ಕಹಳೆ, ತ್ರೊಂಬೊನೆ ಅಂದರೆ ಹೆಗ್ಗಹಳೆ. ಸ್ಪಗೆಟಿ? ಸ್ಪಾಗೊ ಅಂದರೆ ದಾರ, ಸ್ಪಗೆಟಿ ಅಂದರೆ ಸಣ್ಣ ದಾರಗಳು. ತಂತಿಗಂಟು ಅವರೇ, ಮೆನು ಅಂತ ನೀವು ಹೇಳಿದ್ದು ಅಷ್ಟೇನೂ ತಪ್ಪಲ್ಲ.

ಗೋಲ್‌ಗುಂಬಜ್ ಗುಂಡ

ಮಂದೋಲ ಅಂದ್ರ ಬಾದಾಮಿ ಅಂತ ಎಲ್ಲೋ ಓದೀನ್ರೀ. ನಮ್ಮ ಚಾಲುಕ್ಯರ ಬಾದಾಮಿ ಅಲ್ಲ, ತಿನ್ನೋ ಬಾದಾಮಿ. ಖರೇ ಏನ್ರೀ?

ಪದಮೋಹಿ

ಬಾದಾಮಿಗೆ ಅವರು ‘ಮಾಂದೊರ್ಲ’ ಅನ್ನುತ್ತಾರೆ. ವಾದ್ಯದ ಹೊಟ್ಟೆ ಸೀಳಿದ ಬಾದಾಮಿ ಥರ ಕಾಣುವುದೂ ನಿಜ. ಕತೆ ಚೆನ್ನಾಗಿದೆ. ಆದರೆ ಪದದ ಜಾಡು ಹಿಡಿದವರು ಹೋಗುವುದು ಬೇರೆ ಕಡೆ. ಗ್ರೀಕರ ಪಂದೂರ ಅನ್ನುವ ಮೂರು ತಂತಿಯ ವಾದ್ಯದಿಂದ ಪಂದೋರ, ಮಂದೋರ, ಮಂದೋಲ ಅಂತ ಉರುಳಿಕೊಂಡು ಬಂತು ಅನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಬಾದಾಮಿಯ ಹೋಲಿಕೆ ದಾರಿಯಲ್ಲಿ ಸ್ವಲ್ಪ ಎಳೆದಿರಬಹುದು.

ನೇರಮಾತು

ಅಂದರೆ ಇಟಲಿಯವರು ಚೆಂದವಾಗಿ ಹೆಸರಿಟ್ಟಿದ್ದರು, ಅಮೆರಿಕದವರು ಕೆಡಿಸಿದರು. ಅಷ್ಟೇ ತಾನೇ? ಮೂಲದವರು ಹೇಳಿದ್ದೇ ಸರಿ ಅಂತ ಹಿಡಿದುಕೊಂಡರೆ ಗೊಂದಲವೇ ಇರುವುದಿಲ್ಲ.

ಬಿರಡೆ (ಬೆಂಗಳೂರು)

ನೇರಮಾತು ಅವರೇ, ಅಷ್ಟು ಸುಲಭ ಇಲ್ಲ. ನಾನು ವಾದ್ಯ ರಿಪೇರಿ ಮಾಡುವವನು. ಪಿಟೀಲು, ಗಿಟಾರ್, ವೀಣೆ, ಎಲ್ಲಾ. ಮೂಲದವರು ಅಂದರೆ ಯಾರು? ಇಟಲಿಯಲ್ಲೇ ಊರಿಗೊಂದು ಮಂದೊಲಿನೊ ಇತ್ತು.

ನಾವು ಇವತ್ತು ಮ್ಯಾಂಡೊಲಿನ್ ಅನ್ನುವುದು ನೇಪಲ್ಸ್‌ನದ್ದು. ಲೋಹದ ನಾಲ್ಕು ಜೋಡಿ ತಂತಿ, ಜಿ-ಡಿ-ಎ-ಇ, ಪಿಟೀಲಿನದ್ದೇ ಶ್ರುತಿ. ಅದು ರೂಪ ತಾಳಿದ್ದು 18ನೇ ಶತಮಾನದ ನಡುವಿನಲ್ಲಿ, ವಿನಾಚ್ಚ ಮನೆತನದವರ ಕೈಯಲ್ಲಿ. ಅದಕ್ಕೂ ಮುಂಚಿನ ಮಂದೊಲಿನೊ ಬೇರೆ. ಕರುಳಿನ ತಂತಿ, ಬೆರಳಿನಲ್ಲಿ ಮೀಟುವುದೂ ಉಂಟು. ಪಿಟೀಲಿಗೆ ಹೆಸರಾದ ಸ್ಟ್ರಾಡಿವರಿ 1680ರಲ್ಲಿ ಮಾಡಿದ ಮಂದೊಲಿನೊ ಒಂದು ಅಮೆರಿಕದ ಸೌತ್ ಡಕೋಟದ ಸಂಗ್ರಹಾಲಯದಲ್ಲಿದೆ. ಅದು ನೇಪಲ್ಸ್‌ನ ವಾದ್ಯ ಹುಟ್ಟುವ ಎಷ್ಟೋ ಮೊದಲಿನದು.

ಮಿಲಾನಿನ ಕಡೆ ಆರು ಒಂಟಿ ತಂತಿ, ಶ್ರುತಿಯೂ ಬೇರೆ. ಬ್ರೆಶಾದಲ್ಲಿ ನಾಲ್ಕು ಒಂಟಿ ತಂತಿ. ಜಿನೋವಾದಲ್ಲಿ ಆರು ಜೋಡಿ, ಗಿಟಾರಿನ ಶ್ರುತಿಯನ್ನೇ ಒಂದು ಸ್ಥಾಯಿ ಮೇಲೆ ಹಾಕಿದ ಹಾಗೆ. ಎಲ್ಲದಕ್ಕೂ ಹೆಸರು ಮಂದೊಲಿನೊ. ನೇಪಲ್ಸ್‌ನದ್ದು ಯಾಕೆ ಗೆದ್ದಿತು ಅಂದರೆ, ನನ್ನ ಪ್ರಕಾರ, ಪಿಟೀಲು ಬಲ್ಲವನು ಎಡಗೈಗೆ ಹೊಸದೇನೂ ಕಲಿಯಬೇಕಿರಲಿಲ್ಲ. 1768ರಲ್ಲೇ ಪ್ಯಾರಿಸ್ಸಿನಲ್ಲಿ ಲಿಯೋನೆ ಅನ್ನುವವರು ಪಿಟೀಲಿನಿಂದ ಮ್ಯಾಂಡೊಲಿನ್‌ಗೆ ದಾಟುವವರಿಗೆ ಅಂತಲೇ ಪಾಠದ ಪುಸ್ತಕ ತಂದಿದ್ದರು. ಇನ್ನೊಂದು ಕಾರಣ ಸದ್ದು. 19ನೇ ಶತಮಾನದಲ್ಲಿ ಪಾಸ್ಕ್ವಾಲೆ ವಿನಾಚ್ಚ ಉಕ್ಕಿನ ತಂತಿ ತಡೆಯುವ ಹಾಗೆ ವಾದ್ಯವನ್ನು ಗಟ್ಟಿ ಮಾಡಿ, ಹಲ್ಲುಚಕ್ರದ ಬಿರಡೆ ಹಾಕಿದರು. ಕರುಳಿನ ತಂತಿಯವು ಅದರ ಮುಂದೆ ಮೆತ್ತಗಾದವು.

ಈಗ ನಿಮ್ಮ ಮಂದೋಲ. ಎರಡು ಲೆಕ್ಕ ಇವೆ.

ಅಮೆರಿಕದವರ ಲೆಕ್ಕ: ಮ್ಯಾಂಡೊಲಿನ್ ಪಿಟೀಲಿನ ಜಾಗದಲ್ಲಿದ್ದರೆ ಮಂಡೋಲ ವಿಯೋಲದ ಜಾಗದಲ್ಲಿರಬೇಕು. ಹಾಗಾಗಿ ಸಿ-ಜಿ-ಡಿ-ಎ. ತಂತಿಯ ಉದ್ದ ಸುಮಾರು 42 ಸೆಂ.ಮೀ.

ಇಟಲಿ, ಜರ್ಮನಿಯವರ ಲೆಕ್ಕ: ಸುಮ್ನೆ ಮಂದೋಲ ಅಂದರೆ ಸಾಮಾನ್ಯವಾಗಿ ಮ್ಯಾಂಡೊಲಿನ್‌ಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಜಿ-ಡಿ-ಎ-ಇ. ಉದ್ದ 50 ಸೆಂ.ಮೀ. ಆಸುಪಾಸು, ಕೆಲವು ಇನ್ನೂ ಉದ್ದ.

ನಿಮ್ಮದನ್ನು ಅಳೆದು ಹೇಳಿ. ಮೇಲಿನ ಪಟ್ಟಿಯಿಂದ ಕುದುರೆವರೆಗೆ ಎಷ್ಟಿದೆ?

ತಂತಿಗಂಟು

53 ಸೆಂ.ಮೀ. ಅಣ್ಣ.

ಬಿರಡೆ

ಸಿಕ್ಕಿಬಿತ್ತು ಕಳ್ಳ. ರಾತ್ರಿ ಲೆಕ್ಕ ಬಿಡಿಸಿ ಬರೆಯುತ್ತೇನೆ, ಈಗ ಗಿರಾಕಿ ಇದ್ದಾರೆ.

ನೇರಮಾತು

ಒಂದು ನಿಮಿಷ. ಹಾಗಾದರೆ ಹೆಸರುಗಳ ಸಾಲನ್ನು ಪಿಟೀಲಿನ ಮನೆಯಿಂದ ತಂದವರು ಇಟಲಿಯವರು. ಆದರೆ ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದವರು ಅಮೆರಿಕದವರಾ? ನಾನು ಹೇಳಿದ್ದು ಉಲ್ಟಾ ಆಯಿತಲ್ಲ!

ಪದಮೋಹಿ

ಅದೇ ತಮಾಷೆ. ಇನ್ನೊಂದು ಕೇಳಿ. ಇಟಲಿಯ ವಾದ್ಯವೃಂದಗಳಲ್ಲಿ ಎರಡೂ ಬಗೆ ಬೇಕಾದಾಗ ಹೆಸರಿನ ಮುಂದೆ ದನಿಯ ಹೆಸರು ಸೇರಿಸುತ್ತಾರೆ. ಸಿ-ಜಿ-ಡಿ-ಎ ಇರುವುದು ಮಂದೋಲ ಕೊಂತ್ರಾಲ್ತೊ. ಅದನ್ನೇ ಕೆಲವರು ಮಂದೊಲಿಯೋಲ ಅನ್ನುತ್ತಾರೆ, ಮಂದೋಲ-ವಿಯೋಲ ಬೆಸೆದ ಹಾಗೆ ಕೇಳುತ್ತದೆ. ಒಂದು ಸ್ಥಾಯಿ ಕೆಳಗಿರುವುದು ಮಂದೋಲ ತೆನೋರೆ. ಸರಿ ಅಲ್ವಾ? ಈಗ ಇಂಗ್ಲೆಂಡಿಗೆ ಹೋಗಿ. ಅಲ್ಲಿ ‘ಟೆನರ್ ಮಂಡೋಲ’ ಅಂದರೆ ಸಿ-ಜಿ-ಡಿ-ಎ! ಇಟಲಿಯ ಕೊಂತ್ರಾಲ್ತೊ ಅಲ್ಲಿ ಟೆನರ್. ಹಿಂದೆ ಇಂಗ್ಲೆಂಡಿನಲ್ಲಿ ವಿಯೋಲವನ್ನೇ ಟೆನರ್ ಅನ್ನುತ್ತಿದ್ದರು, ಆ ರೂಢಿ ಇಲ್ಲೂ ಅಂಟಿಕೊಂಡ ಹಾಗಿದೆ. ಇಟಲಿಯ ತೆನೋರೆಗೆ ಇಂಗ್ಲಿಷಿನಲ್ಲಿ ಆಕ್ಟೇವ್ ಮಂಡೋಲ ಅಥವಾ ಆಕ್ಟೇವ್ ಮ್ಯಾಂಡೊಲಿನ್ ಅನ್ನುತ್ತಾರೆ.

ಅಂಗಡಿಯಲ್ಲಿ ‘ಮಂದೋಲ ಇನ್ ದೊ’, ‘ಮಂದೋಲ ಇನ್ ಸೊಲ್’ ಅಂತ ಕಂಡರೆ ಅದು ಹೆಚ್ಚು ನಂಬಿಕೆಯದ್ದು. ದೊ ಅಂದರೆ ಸಿ, ಸೊಲ್ ಅಂದರೆ ಜಿ. ಕೆಳಗಿನ ತಂತಿಯ ಸ್ವರವನ್ನೇ ಹೇಳಿಬಿಡುತ್ತದೆ.

ಕುಂದಾಪ್ರ ಗಾಳಿ

ನಮ್ಮ ಅಜ್ಜಿಮನೆಯಲ್ಲಿ ನಾಲ್ಕು ಜನ ಮಂಜುನಾಥ ಇದ್ದರು. ದೊಡ್ಡ ಮಂಜು, ಸಣ್ಣ ಮಂಜು, ಕರಿ ಮಂಜು, ಬೆಂಗಳೂರು ಮಂಜು. ಹೊರಗಿನವರಿಗೆ ಏನೂ ಅರ್ಥ ಆಗುತ್ತಿರಲಿಲ್ಲ. ಕೊನೆಗೆ ಸಣ್ಣ ಮಂಜುವೇ ಎಲ್ಲರಿಗಿಂತ ಎತ್ತರ ಬೆಳೆದ.

ಹಳೇಆರ್ಕೆಸ್ಟ್ರಾ

ಗಾಳಿ, ನೀನು ಹೇಳಿದ್ದು ಸರಿಯಾಗಿ ಕೂತಿತು. ನಮ್ಮ ಕಡೆಯ ಹೆಸರುಗಳೇನು ಕಮ್ಮಿ ಇಲ್ಲ. ಡೋಲು, ಡೋಲಕ್, ಡೋಲ್ಕಿ ನೋಡಿ, ಇಳಿಯುತ್ತಾ ಬಂದ ಹಾಗೆ ಚಿಕ್ಕದು. ಆದರೆ ನಮ್ಮ ಆರ್ಕೆಸ್ಟ್ರಾದಲ್ಲಿ ‘ಬ್ಯಾಂಜೊ’ ಅಂದರೆ ಟೈಪ್‌ರೈಟರ್ ಥರ ಗುಂಡಿ ಒತ್ತುವ ಬುಲ್‌ಬುಲ್ ತರಂಗ. ಅಮೆರಿಕದವನು ಬ್ಯಾಂಜೊ ತಂತಿ ಕಳಿಸಿದರೆ ನಮ್ಮ ಕತೆಯೂ ಇವರದ್ದೇ.

ಮ್ಯಾಂಡೊಲಿನ್ ಅಂದರೂ ಹಾಗೆ. ಯು. ಶ್ರೀನಿವಾಸ್ ನುಡಿಸುತ್ತಿದ್ದದ್ದು ವಿದ್ಯುತ್ ಮ್ಯಾಂಡೊಲಿನ್. ಜೋಡಿ ತಂತಿ ಬಿಟ್ಟು ಒಂಟಿ ತಂತಿ ಮಾಡಿಕೊಂಡರು, ಐದನೆಯದು ಸೇರಿಸಿದರು. ಗಮಕ ಎಳೆಯಬೇಕಲ್ಲ, ಜೋಡಿ ತಂತಿಯಲ್ಲಿ ಅದು ಕಷ್ಟ. ನೇಪಲ್ಸ್‌ನವನಿಗೆ ಅದನ್ನು ತೋರಿಸಿ ‘ಇದು ಮಂದೊಲಿನೊ’ ಅಂದರೆ ಹುಬ್ಬು ಏರಿಸುತ್ತಾನೆ. ಆದರೆ ದಕ್ಷಿಣ ಭಾರತದಲ್ಲಿ ಮ್ಯಾಂಡೊಲಿನ್ ಅಂದರೆ ಎಷ್ಟೋ ಜನಕ್ಕೆ ಅದೇ. 2014ರಲ್ಲಿ ಅವರು ಹೋದಾಗ ಬರೀ 45 ವರ್ಷ. ಅವತ್ತು ನನ್ನ ಹಳೇ ವಾದ್ಯ ಪೆಟ್ಟಿಗೆಯಿಂದ ತೆಗೆದು ಸುಮ್ಮನೆ ನೋಡುತ್ತಾ ಕೂತಿದ್ದೆ.

ತಂತಿಗಂಟು

ಸಾರ್, ವೀಣೆಯವನಾಗಿ ನನಗೂ ಈ ಜೋಡಿ ತಂತಿ ಎಳೆಯುವುದೇ ಆಗುತ್ತಿಲ್ಲ. ಬೆರಳು ಉರಿಯುತ್ತದೆ.

ಉಳಿದ ಹೆಸರುಗಳು? ತೆರ್ಝಿನೊ, ಕ್ವಾರ್ತಿನೊ, ಲಿಯುತೊ?

ಪದಮೋಹಿ

ತೆರ್ಝ ಅಂದರೆ ಮೂರನೆಯದು, ಕ್ವಾರ್ತ ಅಂದರೆ ನಾಲ್ಕನೆಯದು. ಅಲ್ಲೂ ‘ಇನೊ’ ಬಾಲ. ಮ್ಯಾಂಡೊಲಿನ್‌ಗಿಂತ ಚಿಕ್ಕವು. ಮೂರು ಸ್ವರದ ಅಂತರ ಮೇಲೆ ಶ್ರುತಿ ಇದ್ದರೆ ತೆರ್ಝಿನೊ, ನಾಲ್ಕರಷ್ಟು ಮೇಲಿದ್ದರೆ ಕ್ವಾರ್ತಿನೊ. ಈಗ ಅಪರೂಪ.

ಮಂದೊಲೊನೆ 18ನೇ ಶತಮಾನದಲ್ಲಿ ರೋಮ್‌ನಲ್ಲಿ ಚಾಲ್ತಿಯಲ್ಲಿತ್ತು. ಗಾಸ್ಪರ್ ಫೆರಾರಿ ಮಾಡಿದವು ಇನ್ನೂ ಉಳಿದಿವೆ. ಆಗ ಅದಕ್ಕೆ ನಾಲ್ಕು ಜೋಡಿಗಿಂತ ಜಾಸ್ತಿ ತಂತಿ ಇರುತ್ತಿತ್ತು. ಮುಂದೆ ಮ್ಯಾಂಡೊಲಿನ್ ವೃಂದಗಳು ಬಂದಾಗ ತೀರಾ ಕೆಳಗಿನ ದನಿಯದಕ್ಕೆ ಅದೇ ಹೆಸರು ಬಂತು.

ಲಿಯುತೊ ಕಾಂತಾಬಿಲೆ ಅಂದರೆ ಹಾಡುವಂಥ ಲ್ಯೂಟ್ (ಲ್ಯೂಟ್ ಯುರೋಪಿನ ಹಳೇ ತಂತಿವಾದ್ಯ). ಹೆಸರಿನಲ್ಲಿ ಲ್ಯೂಟ್ ಇದ್ದರೂ ಅದು ಮಂದೋಲದ ಮನೆಯದೇ. ಐದು ಜೋಡಿ ತಂತಿ, ಸಿ-ಜಿ-ಡಿ-ಎ-ಇ. ಮಂದೊಲೊಂಚೆಲ್ಲೊದ ನಾಲ್ಕರ ಮೇಲೆ ಇಟಲಿಯ ಮಂದೋಲದ ಇ ಕೂರಿಸಿದ ಹಾಗೆ. ನೇಪಲ್ಸ್‌ನ ರಫಾಯೆಲೆ ಕಲಾಚೆ (1863–1934) ಇದನ್ನು ಕಟ್ಟಿ, ನುಡಿಸಿ, ಇದಕ್ಕಾಗಿ ಕೃತಿಗಳನ್ನೂ ಬರೆದರು. ಅವರು 1924ರ ಕೊನೆಯಲ್ಲಿ ಜಪಾನಿಗೆ ಹೋಗಿ ಕಛೇರಿಗಳನ್ನು ಕೊಟ್ಟಿದ್ದರು. ಇವತ್ತಿಗೂ ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಮ್ಯಾಂಡೊಲಿನ್ ವೃಂದಗಳಿವೆ, ಅವರ ಬರಹದಲ್ಲಿ ಮಂದೋಲ ತೆನೋರೆ, ಮಂದೊಲೊಂಚೆಲ್ಲೊ ಅಂತಲೇ ಇರುತ್ತದೆ.

ಅರೆಮನಸ್ಸು

ನಮ್ಮ ಹಳೇ ಸಂಗೀತ ಗ್ರಂಥ ‘ಸಂಗೀತ ರತ್ನಾಕರ’ದಲ್ಲೂ ಇಂಥದ್ದಿದೆ, ಕಿನ್ನರಿ ಅನ್ನುವ ತಂತಿವಾದ್ಯಕ್ಕೆ. ಲಘ್ವೀ ಕಿನ್ನರಿ, ಬೃಹತೀ ಕಿನ್ನರಿ. ಚಿಕ್ಕದು, ದೊಡ್ಡದು. 13ನೇ ಶತಮಾನ. ಬಾಲ ತಿರುಚುವ ಕಷ್ಟ ಇಲ್ಲ, ನೇರವಾಗಿ ಹೇಳಿಬಿಟ್ಟಿದ್ದಾರೆ.

ಬಿರಡೆ

ಅಂಗಡಿ ಮುಚ್ಚಿ ಬಂದೆ. ತಂತಿಗಂಟು, ಲೆಕ್ಕ ಕೇಳಿ.

ಒಂದೇ ದಪ್ಪದ ತಂತಿ, ಒಂದೇ ಸ್ವರ. ಉದ್ದ ಮಾತ್ರ ಜಾಸ್ತಿ ಆದರೆ ಎಳೆತ ಉದ್ದದ ವರ್ಗದಷ್ಟು ಏರುತ್ತದೆ. ನಿಮ್ಮ ಸೆಟ್ 42 ಸೆಂ.ಮೀ. ವಾದ್ಯಕ್ಕೆ ಮಾಡಿದ್ದು. ನಿಮ್ಮದು 53. ಭಾಗಿಸಿದರೆ 1.26, ಅದರ ವರ್ಗ 1.59. ಅಂದರೆ ಪ್ರತಿ ತಂತಿಯೂ ಒಂದೂವರೆ ಪಟ್ಟಿಗಿಂತ ಜಾಸ್ತಿ ಎಳೆಯುತ್ತಿತ್ತು, ಅದೂ ಎಂಟು ತಂತಿ. ಹಳೇ ಹಲಗೆ ಪಾಪ ಏನು ಮಾಡುತ್ತದೆ?

ಈಗ ಸ್ವರ ಇಳಿಸಿ ನೋಡೋಣ. ಸಿ-ಜಿ-ಡಿ-ಎ ಇಂದ ಜಿ-ಡಿ-ಎ-ಇ ಗೆ ಹೋಗುವುದು ಅಂದರೆ ನಾಲ್ಕೂ ಜೋಡಿ ಒಂದೇ ಅಳತೆ ಇಳಿಯುತ್ತವೆ. ನೀವು ವೀಣೆಯವರು, ನಿಮ್ಮ ಮಾತಲ್ಲೇ ಹೇಳುತ್ತೇನೆ. ಸ ಇದ್ದದ್ದು ಮಂದ್ರದ ಪಂಚಮಕ್ಕೆ. ಕಂಪನ ಮುಕ್ಕಾಲು ಆಗುತ್ತದೆ. ಎಳೆತ ಅದರ ವರ್ಗ, ಸುಮಾರು 0.56. ಅದನ್ನು 1.59ಕ್ಕೆ ಗುಣಿಸಿ. 0.89.

ಗೊತ್ತಾಯಿತಾ? ತಂತಿ ತಪ್ಪಲ್ಲ. ಅದೇ ಸೆಟ್ಟನ್ನು ಇಟಲಿಯ ಶ್ರುತಿಗೆ ಇಳಿಸಿದ್ದರೆ ತಯಾರಿಸಿದವರು ಅಂದುಕೊಂಡ ಎಳೆತಕ್ಕಿಂತ ಒಂದು ಚೂರು ಕಮ್ಮಿ ಇರುತ್ತಿತ್ತು, ಹಳೇ ವಾದ್ಯಕ್ಕೆ ಅದೇ ಒಳ್ಳೆಯದು. ಹೊಸ ಸೆಟ್ ತರಿಸಬೇಡಿ. ಹರಿದ ಒಂದಕ್ಕೆ ಅಷ್ಟೇ ದಪ್ಪದ ಗಿಟಾರ್ ತಂತಿ ತನ್ನಿ. ತುದಿಯಲ್ಲಿರುವ ಗುಂಡನ್ನು ಇಕ್ಕಳದಲ್ಲಿ ಒಡೆದು ತೆಗೆದರೆ ಕುಣಿಕೆ ಉಳಿಯುತ್ತದೆ, ಕೊಕ್ಕೆಗೆ ಸಿಕ್ಕಿಸಬಹುದು. ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಡೆಯಿರಿ.

ಅದಕ್ಕೂ ಮೊದಲು ಹಲಗೆಯ ಒಳಗಡೆ ಅಡ್ಡಪಟ್ಟಿ ಅಂಟು ಬಿಟ್ಟಿದೆಯಾ ನೋಡಿ. ಮೊಬೈಲನ್ನು ರಂಧ್ರದ ಹತ್ತಿರ ಹಿಡಿದು ಫೋಟೊ ತೆಗೆಯಿರಿ. ಕುದುರೆಯ ಸ್ವಲ್ಪ ಕೆಳಗೆ ಹಲಗೆ ಬಾಗಿರುವುದು ನೇಪಲ್ಸ್ ವಾದ್ಯದ ಹುಟ್ಟುಗುಣ, ಬೇಕಂತಲೇ ಕಾಸಿ ಬಗ್ಗಿಸಿರುತ್ತಾರೆ. ಅದನ್ನೇ ನೀವು ಕುಸಿತ ಅಂದುಕೊಂಡಿರಬಹುದು.

ಗೋಲ್‌ಗುಂಬಜ್ ಗುಂಡ

ಒಂದು ಹೆಸರಿನ ಸಲುವಾಗಿ ಲೆಕ್ಕದ ಮಾಸ್ತರು, ವ್ಯಾಕರಣದ ಮಾಸ್ತರು ಇಬ್ಬರೂ ಬಂದ್ರಲ್ರೀ.

ತಂತಿಗಂಟು (ಮೂರು ದಿನದ ನಂತರ)

ಅಡ್ಡಪಟ್ಟಿ ಗಟ್ಟಿಯಾಗಿದೆ. ಬಾಗು ಹುಟ್ಟಿನದ್ದೇ, ಎರಡೂ ಕಡೆ ಒಂದೇ ಸಮ ಇದೆ. ಬಿರಡೆ ಅಣ್ಣ, ಗುಂಡು ಒಡೆಯುವಾಗ ಅದು ಹಾರಿ ಮಂಚದ ಕೆಳಗೆ ಹೋಯಿತು, ಕನ್ನಡಕ ಹಾಕಿದ್ದೆ. ಜಿ-ಡಿ-ಎ-ಇ ಗೆ ಇಳಿಸಿ ಎರಡು ರಾತ್ರಿ ಬಿಟ್ಟೆ. ಏನೂ ಆಗಿಲ್ಲ. ಕೆಳಗಿನ ಜಿ ಸ್ವಲ್ಪ ಸಡಿಲ ಅನ್ನಿಸಿದರೂ ದನಿ ಚೆನ್ನಾಗಿದೆ, ದುಂಡಗೆ ಕೇಳುತ್ತದೆ. ತಂತಿ ಎಳೆಯುವುದೂ ಮೊದಲಿಗಿಂತ ಸಲೀಸು. ಮೋಹನದಲ್ಲಿ ಒಂದು ಗೀತೆ ನುಡಿಸಿ ಅಮ್ಮನಿಗೆ ಕಳಿಸಿದೆ. ‘ಇದ್ಯಾವ ವಾದ್ಯವೋ?’ ಅಂತ ಕೇಳಿದರು.

ಹೆಮ್ಮಂದೋಲ ಅಂದೆ.

ಪದಮೋಹಿ

ತಪ್ಪು! ನಿಮ್ಮದು ಬರೀ ಮಂದೋಲ. ಹೆಮ್ಮಂದೋಲ ಇನ್ನೂ ಎರಡು ಮೆಟ್ಟಿಲು ಕೆಳಗೆ.